ಪ್ರಶ್ನೆ ನಿಮ್ಮದು: ಆಸ್ಟ್ರೇಲಿಯಾ ಸಿಪಾಯಿಯ ಚೀಲದಲ್ಲಿ ಏನಿತ್ತು?

ಎರಡು ಮಹಾಯುದ್ಧಗಳಲ್ಲಿ ಹೋರಾಡಿದ ಆಸ್ಟ್ರೇಲಿಯಾದ ಸಾಮಾನ್ಯ ಸಿಪಾಯಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಪುಟ್ಟ ಬರಹ ಬಂದಿತ್ತು. ಅದನ್ನೋದಿ ತೋಪು, ಟ್ಯಾಂಕು, ಸೇನಾಪತಿಗಳ ಬಗ್ಗೆ ಕೇಳಿದವರು ಕಡಿಮೆ. ಹೊಟ್ಟೆ, ಕಾಲು, ಜ್ವರ, ಉಂಬಳ ಇವನ್ನೇ ಹೆಚ್ಚಾಗಿ ಕೇಳಿದ್ದೀರಿ. ಕೇಳಬೇಕಾದ್ದನ್ನೇ ಕೇಳಿದ್ದೀರಿ, ಯಾಕೆಂದರೆ ಆ ಸಿಪಾಯಿಯ ದಿನದ ಮುಕ್ಕಾಲು ಪಾಲು ಇವುಗಳಲ್ಲೇ ಕಳೆಯುತ್ತಿತ್ತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಕೊಕೋಡಾ ದಾರಿಯಲ್ಲಿ ದಿನವೂ ಮಳೆ ಎಂದು ಬರೆದಿದ್ದಿರಿ. ಮಳೆಗಾಲದಲ್ಲಿ ಕೊಡಚಾದ್ರಿ ಹತ್ತಿದವರಿಗೆ ಅದು ಎಂಥದ್ದೆಂದು ಗೊತ್ತು. ಸಿಪಾಯಿ ಎಷ್ಟು ಭಾರ ಹೊರುತ್ತಿದ್ದ? ನೆನೆಯದಂತೆ ಏನು ಮಾಡುತ್ತಿದ್ದ?
(ಹೊಸನಗರದ ಓದುಗರು)

ನೆನೆಯದೇ ಇರುವ ಉಪಾಯ ಅವನ ಬಳಿ ಇರಲೇ ಇಲ್ಲ. ಕೊಕೋಡಾ ದಾರಿ ನ್ಯೂಗಿನಿ ದ್ವೀಪದ ಪಪುವಾದಲ್ಲಿ ಓವನ್ ಸ್ಟ್ಯಾನ್ಲಿ ಬೆಟ್ಟಸಾಲನ್ನು ದಾಟುವ 96 ಕಿ.ಮೀ. ಕಾಲುಹಾದಿ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆ ಮುಟ್ಟುವಷ್ಟು ದೂರ ಅಂದುಕೊಳ್ಳಿ. ಆದರೆ ಈ ಹಾದಿಯ ನೆತ್ತಿ ಸುಮಾರು 2,190 ಮೀಟರ್ ಎತ್ತರದಲ್ಲಿದೆ. ಕೊಡಚಾದ್ರಿ 1,343 ಮೀಟರ್, ಮುಳ್ಳಯ್ಯನಗಿರಿ 1,930. ಅದೂ ಒಂದೇ ಏರಲ್ಲ. ಒಂದು ಗುಡ್ಡ ಹತ್ತಿ, ಹಳ್ಳಕ್ಕಿಳಿದು, ಮತ್ತೆ ಅಷ್ಟೇ ಎತ್ತರ ಹತ್ತಬೇಕು. 1942ರ ಜುಲೈಯಿಂದ ನವೆಂಬರ್‌ವರೆಗೆ ಆಸ್ಟ್ರೇಲಿಯನ್ನರು ಜಪಾನೀಯರ ಎದುರು ಇಲ್ಲಿ ಹಿಂದೆ ಸರಿದರು, ಆಮೇಲೆ ಮತ್ತೆ ಮುಂದೆ ಹೋದರು.

ಬೆನ್ನ ಮೇಲೆ 20 ಕೆ.ಜಿ.ಗೆ ಕಡಿಮೆ ಇಲ್ಲ. ಬ್ರೆನ್ ಎಂಬ ಲಘು ಮಷಿನ್ ಗನ್ ಹೊತ್ತವನಿಗೆ ಇನ್ನೂ ಜಾಸ್ತಿ. ರೈಫಲ್ಲು, ಗುಂಡು, ಕೈಬಾಂಬು, ಕೆಲವು ದಿನದ ಊಟ, ನೀರಿನ ಬಾಟಲಿ, ಊಟದ ಡಬ್ಬಿ, ಒಂದು ರಬ್ಬರ್ ಹಾಸು, ಒಂದು ಕಂಬಳಿ. ರಬ್ಬರ್ ಹಾಸನ್ನು ಹಗಲು ನಮ್ಮ ಕಂಬಳಿಕೊಪ್ಪೆಯಂತೆ ಹೊದೆಯುವುದು, ರಾತ್ರಿ ನೆಲಕ್ಕೆ ಹಾಸುವುದು. ಎರಡೂ ಕೆಲಸ ಒಂದೇ ಹೊತ್ತಿಗೆ ಆಗದು, ಹಾಗಾಗಿ ಮೇಲಿನಿಂದಲೋ ಕೆಳಗಿನಿಂದಲೋ ಒಂದು ಕಡೆಯಿಂದ ನೀರು ಬಂದೇ ಬರುತ್ತಿತ್ತು. ಉಣ್ಣೆಯ ಕಂಬಳಿ ನೀರು ಕುಡಿದರೆ ತೂಕ ಎಷ್ಟಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಅದಕ್ಕೇ ಹಲವರು ಕಂಬಳಿಯನ್ನು ಎರಡಾಗಿ ಕತ್ತರಿಸಿ ಅರ್ಧ ಮಾತ್ರ ಒಯ್ದರು.

ಈ ಹಾದಿಯ ಇಮಿಟಾ ಏರಿನಲ್ಲಿ ಸೇನೆಯವರೇ ಮೆಟ್ಟಿಲು ಕಡಿದಿದ್ದರು. ಸಿಪಾಯಿಗಳು ವ್ಯಂಗ್ಯವಾಗಿ ಅದನ್ನು ಚಿನ್ನದ ಮೆಟ್ಟಿಲು ಎನ್ನುತ್ತಿದ್ದರು. ಪ್ರತಿ ಮೆಟ್ಟಿಲಿನ ಎತ್ತರ 25ರಿಂದ 45 ಸೆಂ.ಮೀ. ಅಂಚಿಗೆ ಒಂದು ಸಣ್ಣ ಮರದ ತುಂಡು, ಅದು ಜಾರದಂತೆ ಎದುರಿಗೆ ಎರಡು ಗೂಟ. ಗುಡ್ಡದ ತೋಟಕ್ಕೆ ನಾವೂ ಹೀಗೇ ಮೆಟ್ಟಿಲು ಮಾಡುತ್ತೇವೆ. ಕೆಡುವುದೂ ಹಾಗೇ. ನೀರು ಹೊರಹೋಗಲು ದಾರಿ ಬಿಡದಿದ್ದರೆ ಮರದ ತುಂಡಿನ ಹಿಂದೆ ಕೆಸರು ನಿಲ್ಲುತ್ತದೆ, ಗೂಟ ಸಡಿಲವಾಗುತ್ತದೆ, ಮರ ವಾಲುತ್ತದೆ. ವಾಲಿದ ಒದ್ದೆ ಮರದ ಮೇಲೆ ಬೂಟಿಟ್ಟವನು ಜಾರಿ ಬಿದ್ದ ಅಂತಲೇ. ನಡುವೆ ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಕೈಯಲ್ಲೊಂದು ದೊಣ್ಣೆ ಇಲ್ಲದೆ ಯಾರೂ ಹತ್ತುತ್ತಿರಲಿಲ್ಲ.

ಖಾಕಿ ಬಟ್ಟೆಯದೂ ಒಂದು ಗೋಳು. ಅದು ಮರುಭೂಮಿಗೆ ಹೇಳಿ ಮಾಡಿಸಿದ ಬಣ್ಣ, ಹಸಿರು ಕಾಡಿನಲ್ಲಿ ದೂರದಿಂದಲೇ ಕಾಣುತ್ತಿತ್ತು. ಹಸಿರು ಬಟ್ಟೆ ಕೈಗೆ ಬರುವಷ್ಟರಲ್ಲಿ ಬಹಳ ತಡವಾಗಿತ್ತು. ಆಮಶಂಕೆ ಹಿಡಿದ ಎಷ್ಟೋ ಜನ ಪ್ಯಾಂಟಿನ ಹಿಂಬದಿಯನ್ನೇ ಕತ್ತರಿಸಿಕೊಂಡು ನಡೆದರು. ದಿನಕ್ಕೆ ಇಪ್ಪತ್ತು ಸಲ ಬೆಲ್ಟು ಬಿಚ್ಚುವ ತ್ರಾಣ ಯಾರಿಗಿರುತ್ತದೆ?

ಇಷ್ಟು ಕಷ್ಟ ಇದ್ದಲ್ಲಿ ಊಟವನ್ನು ಹೊರೆಯಾಳುಗಳಿಂದ ಹೊರಿಸಬಹುದಿತ್ತಲ್ಲ? ಹಿಂದೆ ನಮ್ಮಲ್ಲಿ ಘಟ್ಟದ ಕೆಳಗಿಂದ ಉಪ್ಪು, ಮೀನು ತಲೆಹೊರೆಯಲ್ಲೇ ಬರುತ್ತಿತ್ತು.
(ಕೊಪ್ಪದಿಂದ)

ಹೊರಿಸಿದರು. ಪಪುವಾದ ಜನ ಇಲ್ಲದಿದ್ದರೆ ಈ ಯುದ್ಧ ಒಂದು ವಾರವೂ ನಡೆಯುತ್ತಿರಲಿಲ್ಲ. ಆದರೆ ಇಲ್ಲೊಂದು ಲೆಕ್ಕವಿದೆ, ಹೊರೆಯಾಳುಗಳ ಉಸ್ತುವಾರಿ ಹೊತ್ತಿದ್ದ ಬರ್ಟ್ ಕೀನ್ಜ್ಲೆ ಎಂಬ ಅಧಿಕಾರಿ ಹಾಕಿದ್ದು. ಒಬ್ಬ ಹೊರೆಯಾಳು ಆಹಾರ ಬಿಟ್ಟು ಬೇರೇನೂ ಹೊರದಿದ್ದರೂ ಅದನ್ನು ತಾನೊಬ್ಬನೇ 13 ದಿನದಲ್ಲಿ ತಿಂದು ಮುಗಿಸುತ್ತಾನೆ. ಒಬ್ಬ ಸಿಪಾಯಿಗೂ ಅದರಲ್ಲೇ ಉಣಿಸಬೇಕಾದರೆ ಇಬ್ಬರಿಗೆ ಆರೂವರೆ ದಿನಕ್ಕೆ ಸರಿ. ಕೊಕೋಡಾ ತಲುಪಲು ಬೇಕಾದದ್ದೋ ಎಂಟು ದಿನ! ಗುಂಡು, ಔಷಧಿ, ಟಪಾಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಘಟ್ಟ ಹತ್ತಿ ಬರುತ್ತಿದ್ದ ನಮ್ಮ ಉಪ್ಪಿನ ಹೊರೆಯವನಿಗೆ ದಾರಿಯಲ್ಲಿ ಊರುಗಳಿದ್ದವು, ಊಟ ಸಿಗುತ್ತಿತ್ತು. ಇಲ್ಲಿ ಅದಿಲ್ಲ.

ಹಾಗಾಗಿ ವಿಮಾನದಿಂದ ಎಸೆಯುವುದೇ ಗತಿಯಾಯಿತು. ದಾರಿಯ ಪಕ್ಕದಲ್ಲಿ ಮಿಯೋಲಾ ಎಂಬ ಬತ್ತಿದ ಕೆರೆಯಂಥ ಹುಲ್ಲುಬಯಲು ಸಿಕ್ಕಿತು. ಪ್ಯಾರಾಚೂಟು ಸಾಕಷ್ಟಿರಲಿಲ್ಲ, ಮೂಟೆಯನ್ನು ಹಾಗೆಯೇ ದೂಡುತ್ತಿದ್ದರು. ಬಿದ್ದ ಪೆಟ್ಟಿಗೆ ಗೋಣಿ ಒಡೆಯುತ್ತದೆ. ಅದಕ್ಕೆ ಒಂದು ಗೋಣಿಯನ್ನು ಅದಕ್ಕಿಂತ ದೊಡ್ಡದಾದ ಇನ್ನೊಂದರೊಳಗೆ ಸಡಿಲವಾಗಿ ಇಟ್ಟು ಹೊಲಿದರು. ಒಳಗಿನದು ಒಡೆದರೂ ಅಕ್ಕಿ ಹೊರಗಿನದರಲ್ಲಿ ಉಳಿಯುತ್ತದೆ. ಹೊರಚೀಲ ಬಿಗಿಯಾಗಿದ್ದರೆ ಎರಡೂ ಒಟ್ಟಿಗೇ ಸೀಳುತ್ತವೆ. ಮಾಂಸದ ಡಬ್ಬಿ ಸೀಳಿದರೆ ಮಾತ್ರ ಉಪಾಯವಿಲ್ಲ. ಆ ಬಿಸಿಲು ಮಳೆಯಲ್ಲಿ ಒಂದೇ ದಿನಕ್ಕೆ ಹಳಸುತ್ತಿತ್ತು, ಹಸಿದವನು ತಿನ್ನುತ್ತಿದ್ದ, ಆಮಶಂಕೆ ಇನ್ನಷ್ಟು ಹಬ್ಬುತ್ತಿತ್ತು. ಗುರಿ ತಪ್ಪಿ ಕಾಡಿಗೆ ಬಿದ್ದ ಮೂಟೆಗಳ ಕತೆ ಬೇರೆ.

ಹೊರೆಯಾಳುಗಳು ವಾಪಸು ಬರುವಾಗ ಗಾಯಾಳುಗಳನ್ನು ಹೊತ್ತು ತರುತ್ತಿದ್ದರು. ಎರಡು ಗಳುವಿಗೆ ಕಂಬಳಿ ಕಟ್ಟಿದ ಡೋಲಿ, ಒಂದಕ್ಕೆ ಎಂಟು ಜನ, ಪಾಳಿ ಬದಲಿಸಿಕೊಂಡು. ಅಂದರೆ ಒಬ್ಬ ಗಾಯಗೊಂಡರೆ ಎಂಟು ಹೊರೆ ಅಕ್ಕಿ ಮುಂದೆ ಹೋಗುವುದು ನಿಂತಂತೆ. ಆದ್ದರಿಂದ ಕಾಲೂರಲು ಸಾಧ್ಯವಿದ್ದ ಗಾಯಾಳು ಕೋಲು ಹಿಡಿದು ನಡೆದೇ ಬರಬೇಕಿತ್ತು.

ಸೊರಬದ ಕಡೆಯವರು ನಾವು. ಮಂಗನ ಕಾಯಿಲೆ ಸಮಯದಲ್ಲಿ ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು. ನ್ಯೂಗಿನಿಯ ಕಾಡಲ್ಲಿ ಆ ಸಿಪಾಯಿಗಳು ಉಂಬಳ, ಉಣುಗಿಗೆ ಏನು ಹಚ್ಚುತ್ತಿದ್ದರು?

ನಿಮಗೆ ಕೊಟ್ಟ ಎಣ್ಣೆಯನ್ನೇ. ಡಿಎಂಪಿ ಅಂದರೆ ಡೈಮಿಥೈಲ್ ಥ್ಯಾಲೇಟ್. ನ್ಯೂಗಿನಿಯಲ್ಲಿ ಸೊಳ್ಳೆಗೂ, ಸ್ಕ್ರಬ್ ಟೈಫಸ್ ಎಂಬ ಜ್ವರ ತರುವ ಹುಳಕ್ಕೂ ಅದನ್ನೇ ಮೈಗೆ ಹಚ್ಚಿದರು. ಆ ಹುಳ ಉಣುಗಿನ ಜಾತಿಯದೇ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ. ಹುಲ್ಲಿನ ಮೇಲೆ ಕೂತವನ, ಮಲಗಿದವನ ಬಟ್ಟೆಯ ಸಂದಿನಿಂದ ಒಳಗೆ ಹೋಗುತ್ತದೆ. ಮೈಗೆ ಹಚ್ಚಿದ ಎಣ್ಣೆ ಬೆವರಲ್ಲಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವುದರಿಂದ, ಬಟ್ಟೆಗೇ ಡೈಬ್ಯುಟೈಲ್ ಥ್ಯಾಲೇಟ್ ಉಜ್ಜುವ ಪದ್ಧತಿ ಬಂತು. ಅದು ಒಂದೆರಡು ಒಗೆತಕ್ಕೆ ಜಗ್ಗುತ್ತಿರಲಿಲ್ಲ. ಕಾಲರು, ತೋಳಿನ ಅಂಚು, ಸೊಂಟ, ಕಾಲಿನ ಪಟ್ಟಿ, ಗುಂಡಿಯ ಸೀಳು ಇಷ್ಟು ಕಡೆ ತಪ್ಪದೆ ಹಚ್ಚಬೇಕು, ಹುಳ ನುಗ್ಗುವ ದಾರಿ ಅವೇ.

ಉಂಬಳಕ್ಕೆ ಮಾತ್ರ ಹೊಸ ಮದ್ದೇನೂ ಇರಲಿಲ್ಲ. ಉಪ್ಪು, ಇಲ್ಲವೇ ಸಿಗರೇಟಿನ ಕೆಂಡ. ಕಿತ್ತೆಳೆದರೆ ಗಾಯ ಕೀವಾಗುತ್ತದೆ ಎಂಬುದು ಅವರಿಗೂ ಬೇಗ ತಿಳಿಯಿತು.

ಅಸಲು ಶತ್ರು ಸೊಳ್ಳೆ. ಮೊದಲು ಕ್ವಿನೈನ್ ಇತ್ತು. ಕ್ವಿನೈನ್ ಕೊಡುವ ಸಿಂಕೋನಾ ಮರ ಜಗತ್ತಿನಲ್ಲಿ ಬಹುಪಾಲು ಬೆಳೆಯುತ್ತಿದ್ದುದು ಜಾವಾದಲ್ಲಿ, ಆ ಜಾವಾ 1942ರ ಮಾರ್ಚಿನಲ್ಲಿ ಜಪಾನಿನ ವಶವಾಯಿತು. ಬದಲಿಗೆ ಬಂದದ್ದು ಅಟಾಬ್ರಿನ್ ಎಂಬ ಹಳದಿ ಮಾತ್ರೆ. ನೀಲ್ ಹ್ಯಾಮಿಲ್ಟನ್ ಫೇರ್ಲಿ ಎಂಬ ವೈದ್ಯರು 1943ರಿಂದ ಕೇರ್ನ್ಸ್ ಊರಿನಲ್ಲಿ, ತಾವಾಗಿ ಒಪ್ಪಿ ಬಂದ ಸಿಪಾಯಿಗಳಿಗೆ ಸೊಳ್ಳೆ ಕಚ್ಚಿಸಿ ಪರೀಕ್ಷೆ ಮಾಡಿದರು. ದಿನಕ್ಕೆ 100 ಮಿ.ಗ್ರಾಂ.ನ ಒಂದು ಮಾತ್ರೆ ಬಿಡದೆ ನುಂಗಿದರೆ ಜ್ವರ ಏಳುವುದಿಲ್ಲ ಎಂದು ಖಚಿತವಾಯಿತು. "ಬಿಡದೆ" ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಈ ಮದ್ದು ರಕ್ತದಲ್ಲಿ ನಿಧಾನವಾಗಿ ಕೂಡುತ್ತದೆ. ಮಲೇರಿಯಾ ಪ್ರದೇಶಕ್ಕೆ ಕಾಲಿಡುವ ಮೊದಲೇ ಶುರು ಮಾಡಬೇಕು, ಹೊರಬಂದ ಮೇಲೂ ಕೆಲವು ವಾರ ನುಂಗಬೇಕು. ಫಾಲ್ಸಿಪಾರಂ ಜಾತಿಯ ಮಲೇರಿಯಾ ಇದರಿಂದ ಪೂರ್ತಿ ಹೋಗುತ್ತಿತ್ತು. ವೈವ್ಯಾಕ್ಸ್ ಅಡಗಿ ಕೂತಿದ್ದು, ಮಾತ್ರೆ ಬಿಟ್ಟ ಮೇಲೆ ಮತ್ತೆ ತಲೆಯೆತ್ತುತ್ತಿತ್ತು. ಹಾಗಾಗಿ ಯುದ್ಧ ಮುಗಿಸಿ ಮನೆಗೆ ಹೋದವನಿಗೂ ಚಳಿಜ್ವರ ತಪ್ಪಲಿಲ್ಲ.

ಮಾತ್ರೆ ತಿಂದವನ ಮೈ ಹಳದಿಯಾಗುತ್ತಿತ್ತು, ಗಂಡಸುತನ ಹೋಗುತ್ತದೆ ಎಂಬ ಪುಕಾರು ಬೇರೆ. ಕದ್ದು ಉಗುಳುವವರಿದ್ದರು. ಕೊನೆಗೆ ಸಾಲಾಗಿ ನಿಲ್ಲಿಸಿ, ಅಧಿಕಾರಿಯ ಕಣ್ಣೆದುರೇ ನುಂಗಿಸಿದರು. ಸಂಜೆಯಾದೊಡನೆ ಅಂಗಿಯ ತೋಳು ಇಳಿಬಿಡದವನಿಗೆ ಶಿಕ್ಷೆ. ಈ ಬಿಗಿ ಯಾಕೆ ಬಂತೆಂದರೆ, ಕೊಕೋಡಾ ದಾರಿಯಲ್ಲಿ ಸತ್ತ ಆಸ್ಟ್ರೇಲಿಯನ್ನರು ಸುಮಾರು 625, ಗಾಯಗೊಂಡವರು ಸಾವಿರಕ್ಕೂ ಮೇಲೆ, ಕಾಯಿಲೆ ಬಿದ್ದವರು 4,000ಕ್ಕೂ ಹೆಚ್ಚು.

ನಾಟಿ ಹೊತ್ತಿನಲ್ಲಿ ನಮ್ಮ ಬೆರಳ ಸಂದು ಕೊಳೆಯುವುದೂ ಯುರೋಪಿನ ಕಂದಕದಲ್ಲಿ ಸಿಪಾಯಿಗಳ ಕಾಲು ಕೊಳೆತದ್ದೂ ಒಂದೇಯೆ?
(ರಿಪ್ಪನ್‌ಪೇಟೆ)

ಅಲ್ಲ. ಗದ್ದೆಯಲ್ಲಿ ಆಗುವುದು ಹೆಚ್ಚಾಗಿ ಬೂಷ್ಟಿನ ಸೋಂಕು. ಕಂದಕದ್ದು ರಕ್ತ ಹರಿಯದೆ ಮಾಂಸವೇ ಸಾಯುವುದು. ಅದಕ್ಕೆ ನೀರಷ್ಟೇ ಸಾಲದು, ಚಳಿ ಬೇಕು, ಅಲುಗಾಡದೆ ನಿಲ್ಲಬೇಕು, ಬೂಟು ಮತ್ತು ಕಾಲಿಗೆ ಸುತ್ತಿದ ಬಟ್ಟೆಪಟ್ಟಿ ಬಿಗಿಯಾಗಿರಬೇಕು. 1916-17ರ ಚಳಿಗಾಲದಲ್ಲಿ ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ ಈ ಎಲ್ಲವೂ ಒಟ್ಟಿಗೆ ಸೇರಿದವು. ಮೊದಲು ಕಾಲು ಜೋಮು, ಆಮೇಲೆ ಊತ, ಕಪ್ಪು. ಮದ್ದಿಗಿಂತ ಕಟ್ಟುಪಾಡೇ ಕೆಲಸಕ್ಕೆ ಬಂತು. ದಿನಕ್ಕೊಮ್ಮೆ ಬೂಟು ಬಿಚ್ಚಿ ಒರೆಸಿ, ತಿಮಿಂಗಿಲದ ಎಣ್ಣೆ ಸವರಿ, ಒಣ ಕಾಲುಚೀಲ ಹಾಕುವುದು. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರ ಕಾಲನ್ನು ಇನ್ನೊಬ್ಬರು ನೋಡಬೇಕೆಂದು ವಿಧಿಸಿದರು. ತನ್ನ ಕಾಲಿನ ಬಗ್ಗೆ ಸುಳ್ಳು ಹೇಳುವವನು ಪಕ್ಕದವನ ಕಾಲಿನ ಬಗ್ಗೆ ಹೇಳುವುದಿಲ್ಲ.

ಜಪಾನೀಯರ ಸೆರೆಯಲ್ಲಿದ್ದವರು ಅನ್ನ ತಿಂದೇ ಕಾಯಿಲೆ ಬಿದ್ದರು ಎಂದಿದ್ದೀರಿ. ಮೂರು ಹೊತ್ತೂ ಅನ್ನ ತಿನ್ನುವ ನಮಗೆ ಇದು ಸೋಜಿಗ.
(ತೀರ್ಥಹಳ್ಳಿಯಿಂದ ಇಬ್ಬರು ಕೇಳಿದ್ದಾರೆ)

ತಪ್ಪು ಅನ್ನದ್ದಲ್ಲ, ಪಾಲಿಶ್ ಮಾಡಿದ ಬಿಳಿ ಅನ್ನವನ್ನು ಮಾತ್ರ ತಿಂದದ್ದು. 22,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಜಪಾನಿನ ಸೆರೆಯಾದರು, ಅವರಲ್ಲಿ ಸುಮಾರು 8,000 ಜನ ಸತ್ತರು. ಥಾಯ್ಲೆಂಡ್-ಬರ್ಮಾ ರೈಲುದಾರಿ ಕಟ್ಟುವಾಗಲೇ 2,700ರ ಮೇಲೆ ಹೋಯಿತು. ಹೊಡೆತ, ದುಡಿತ, ಕಾಲರಾ ಎಲ್ಲದರ ಅಡಿಗೆ ಇದ್ದದ್ದು ಹಸಿವು. ಆ ಹಸಿವಿನೊಳಗೆ ಬೆರಿಬೆರಿ, ಬಿ1 ಜೀವಸತ್ವ ಸಾಲದೆ ಬರುವ ಕಾಯಿಲೆ.

ಅಕ್ಕಿಯ ಬಿ1 ಜೀವಸತ್ವ ಇರುವುದು ತೌಡಿನಲ್ಲಿ, ಮೊಳಕೆಯ ಕಣ್ಣಿನಲ್ಲಿ. ಗಿರಣಿಯಲ್ಲಿ ಬೆಳ್ಳಗೆ ಮಾಡಿದರೆ ಹೋಯಿತು, ಉಳಿದ ಚೂರು ತೊಳೆದ ನೀರಿನಲ್ಲಿ ಹೋಯಿತು. ಬೇಳೆ, ಮಾಂಸ, ಮೊಟ್ಟೆ ಇದ್ದರೆ ಅಲ್ಲಿಂದ ಸಿಗುತ್ತದೆ, ಶಿಬಿರದಲ್ಲಿ ಅವು ಇರಲಿಲ್ಲ. ಕೆಲವೇ ವಾರಗಳಲ್ಲಿ ಕಾಲು ಊದಿ, ಊತ ಮೇಲೇರಿ ಹೃದಯಕ್ಕೆ ತಾಗುತ್ತಿತ್ತು. ಇನ್ನು ಕೆಲವರಿಗೆ ಊತವಿಲ್ಲದೆ ಕಾಲು ಜೋಮು ಹಿಡಿದು ನಡೆಯಲಾಗುತ್ತಿರಲಿಲ್ಲ. ವೈದ್ಯರು ಅಂಗಲಾಚಿ ತರಿಸಿಕೊಂಡದ್ದು ದನಕ್ಕೆ ಹಾಕುವ ತೌಡು. ಗಂಜಿಗೆ ಬೆರೆಸಿ ಕುಡಿಸಿದರು. ಗಂಟಲಿಗೆ ಕೆರೆಯುತ್ತದೆ, ಹುಳ ಬಿದ್ದದ್ದೂ ಇರುತ್ತಿತ್ತು. ಆದರೂ ಊತ ಇಳಿಯುತ್ತಿತ್ತು. ಹಣ ಒಟ್ಟುಹಾಕಿ ಕದ್ದುಮುಚ್ಚಿ ಕೊಂಡ ಬಾತುಕೋಳಿ ಮೊಟ್ಟೆ ಎಷ್ಟೋ ಜೀವ ಉಳಿಸಿತು.

ನಮ್ಮ ಕುಚ್ಚಲಕ್ಕಿಗೆ ಈ ದೋಷ ಕಡಿಮೆ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಮಿಲ್ಲು ಮಾಡಿದರೂ ಒಂದಷ್ಟು ಉಳಿಯುತ್ತದೆ. ಜತೆಗೆ ಗಂಜಿ ಬಸಿದು ಚೆಲ್ಲದೆ ಉಣ್ಣುವ ರೂಢಿ. ಅಜ್ಜಿಯರಿಗೆ ಬಿ1 ಗೊತ್ತಿರಲಿಲ್ಲ, ಗಂಜಿಯ ಬೆಲೆ ಗೊತ್ತಿತ್ತು.

ಇನ್ನೊಂದು, ಬಿದಿರು. ಮಳೆಯಲ್ಲಿ ಬಿದಿರಮೆಳೆ ಕಡಿಯುವಾಗ ಆದ ಗೀರು ಆ ಮೈಯಲ್ಲಿ ಮಾಯುತ್ತಿರಲಿಲ್ಲ, ಮೂಳೆ ಕಾಣುವ ಹುಣ್ಣಾಗುತ್ತಿತ್ತು. ಅಂಚು ಹರಿತ ಮಾಡಿದ ಚಮಚದಿಂದ ಸತ್ತ ಮಾಂಸ ಕೆರೆದು ತೆಗೆಯುವುದೇ ಚಿಕಿತ್ಸೆ, ಮಂಪರು ಮದ್ದಿಲ್ಲದೆ. ಅದೇ ಬಿದಿರು ಕಾಲರಾದಲ್ಲಿ ಕೈ ಹಿಡಿಯಿತು. ತಗಡಿನ ಡಬ್ಬಿಯಲ್ಲಿ ನೀರು ಕಾಯಿಸಿ ಹಬೆ ಇಳಿಸಿ, ಅಳತೆಗೆ ಉಪ್ಪು ಹಾಕಿ, ಸ್ಟೆತಸ್ಕೋಪಿನ ರಬ್ಬರು ಕೊಳವೆಗೆ ಸಪೂರ ಬಿದಿರ ಮೊನೆ ಸಿಕ್ಕಿಸಿ ರಕ್ತನಾಳಕ್ಕೆ ಇಳಿಸಿದರು. ನೀರು ಶುದ್ಧವಾಗದಿದ್ದರೆ ರೋಗಿಗೆ ನಡುಕ ಹತ್ತುತ್ತಿತ್ತು, ಆದರೂ ಕೊಡದಿದ್ದರೆ ಸಾವು ಖಚಿತವಾಗಿತ್ತು.

ಓವೆನ್ ಗನ್ನಿನ ಚಿತ್ರದಲ್ಲಿ ಗುಂಡಿನ ಮ್ಯಾಗಜೀನ್ ಮೇಲ್ಗಡೆ ನೆಟ್ಟಗೆ ನಿಂತಿದೆ. ಮುದ್ರಣದ ತಪ್ಪೆ?
(ಭದ್ರಾವತಿಯಲ್ಲಿ ಲೇತ್ ಕೆಲಸ ಮಾಡುವವರು)

ತಪ್ಪಲ್ಲ, ಅದರ ಜಾಣ್ಮೆಯೇ ಅದು. ವುಲೊಂಗಾಂಗಿನ ಎವೆಲಿನ್ ಓವೆನ್ ಎಂಬ ತರುಣ ರೂಪಿಸಿದ 9 ಮಿ.ಮೀ. ಬಂದೂಕು. 33 ಗುಂಡಿನ ಮ್ಯಾಗಜೀನ್ ಮೇಲಿರುವುದರಿಂದ ಗುಂಡು ಇಳಿಯಲು ಸ್ಪ್ರಿಂಗಿಗೆ ಭೂಮಿಯ ಸೆಳೆತವೂ ಜತೆಯಾಗುತ್ತದೆ. ಖಾಲಿ ತೋಟೆ ಬೀಳುವ ಕಿಂಡಿ ಕೆಳಗಿದೆ, ಕೆಸರು ನುಗ್ಗಿದರೂ ಅಲ್ಲಿಂದಲೇ ಉದುರುತ್ತದೆ. ನಿಮಗೆ ಇಷ್ಟವಾಗುವ ಭಾಗ ಇನ್ನೊಂದಿದೆ. ಬೋಲ್ಟು ಓಡಾಡುವ ಜಾಗಕ್ಕೂ, ಎಳೆಯುವ ಹಿಡಿಯ ಸೀಳಿಗೂ ನಡುವೆ ಅಡ್ಡಗೋಡೆ ಇದೆ. ಸೀಳಿನಿಂದ ಒಳಬಂದ ಮಣ್ಣು ಬೋಲ್ಟನ್ನು ಮುಟ್ಟುವುದೇ ಇಲ್ಲ. 1941ರ ಪರೀಕ್ಷೆಯಲ್ಲಿ ಕೆಸರು, ಮರಳು ಸುರಿದಾಗ ಇದೇ ಬಗೆಯ ಥಾಂಪ್ಸನ್ ಮತ್ತು ಸ್ಟೆನ್ ಬಂದೂಕುಗಳು ನಿಂತುಹೋದವು, ಇದು ಹಾರಿಸುತ್ತಲೇ ಇತ್ತು. ಮ್ಯಾಗಜೀನ್ ನಡುವೆ ಬಂದು ಕಣ್ಣಿಗೆ ಅಡ್ಡವಾಗುವ ಕಾರಣ ಗುರಿಮುಳ್ಳನ್ನು ಬಲಕ್ಕೆ ಸರಿಸಿದ್ದಾರೆ. ತೂಕ ನಾಲ್ಕು ಕಿಲೋಗೂ ಮೇಲೆ, ಅದೊಂದೇ ದೂರು.

ಮೈಸೂರು ಲ್ಯಾನ್ಸರ್ಸ್ ಮತ್ತು ಆಸ್ಟ್ರೇಲಿಯನ್ನರು ಒಟ್ಟಿಗೆ ಹೋರಾಡಿದ್ದು ನಿಜವೆ?
(ಶಿವಮೊಗ್ಗದ ವಿದ್ಯಾರ್ಥಿ)

ಒಂದೇ ಕೋರಿನಲ್ಲಿ, ಅಂದರೆ ಹಲವು ದಳ ಸೇರಿದ ದೊಡ್ಡ ಸೇನಾ ತುಕಡಿಯಲ್ಲಿ, ಇದ್ದರು. 1918ರಲ್ಲಿ ಪ್ಯಾಲೆಸ್ಟೈನಿನ ಡೆಸರ್ಟ್ ಮೌಂಟೆಡ್ ಕೋರಿಗೆ ಆಸ್ಟ್ರೇಲಿಯಾದ ಹ್ಯಾರಿ ಶೊವೆಲ್ ಮುಖ್ಯಸ್ಥ. ಸೆಪ್ಟೆಂಬರ್ 23ರಂದು ಹೈಫಾ ಹಿಡಿದ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳೂ ಅದರ ಕೈಕೆಳಗೇ ಬರುತ್ತಿದ್ದರು. ವ್ಯತ್ಯಾಸವಿಷ್ಟೆ: ನಮ್ಮವರು ಭರ್ಜಿ ಹಿಡಿದ ಕುದುರೆ ಸವಾರರು, ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಪಡೆಯವರು ಕುದುರೆಯಲ್ಲಿ ಹೋಗಿ ಇಳಿದು ರೈಫಲ್ಲಿನಿಂದ ಹೋರಾಡುವವರು. ನಾಲ್ವರಲ್ಲಿ ಒಬ್ಬ ನಾಲ್ಕೂ ಕುದುರೆ ಹಿಡಿದು ನಿಲ್ಲಬೇಕು, ಹೀಗಾಗಿ ನೂರು ಜನರ ತಂಡದಲ್ಲಿ ಗುಂಡು ಹಾರಿಸುವವರು ಎಪ್ಪತ್ತೈದೇ. 1917ರ ಅಕ್ಟೋಬರ್ 31ರಂದು ಪ್ಯಾಲೆಸ್ಟೈನಿನ ಬೀರ್‌ಶೇಬಾದಲ್ಲಿ ಅವರು ಇಳಿಯದೆ, ಕತ್ತಿಯಿಲ್ಲದ ಕಾರಣ ಬಯೊನೆಟ್ಟನ್ನೇ ಕೈಯಲ್ಲಿ ಹಿಡಿದು ನುಗ್ಗಿದರು. ಬಾಯಾರಿದ ಕುದುರೆಗಳಿಗೆ ಆ ಊರಿನ ಬಾವಿಗಳು ಬೇಕಿದ್ದವು. ಕುದುರೆಯೊಂದಕ್ಕೆ ದಿನಕ್ಕೆ 30 ಲೀಟರ್ ಆಸುಪಾಸು ನೀರು ಬೇಕು, ಸಾವಿರಗಟ್ಟಲೆ ಕುದುರೆಗಳಿದ್ದವು. ಯುದ್ಧ ಮುಗಿದ ಮೇಲೆ ರೋಗದ ಭಯದಿಂದ ಅವನ್ನು ಆಸ್ಟ್ರೇಲಿಯಾಕ್ಕೆ ಮರಳಿ ಬಿಟ್ಟುಕೊಳ್ಳಲಿಲ್ಲ. ಗಟ್ಟಿಮುಟ್ಟಾದ ಹಲವು ಭಾರತದ ಸೇನೆಗೆ ಬಂದವು, ಮುದಿಯಾದವಕ್ಕೆ ಗುಂಡಿಕ್ಕಿದರು.

ಸಂಬಳ ಎಷ್ಟು? ಟೋಪಿಯ ಒಂದು ಬದಿ ಯಾಕೆ ಮಡಚಿದೆ?

ಮೊದಲ ಯುದ್ಧದಲ್ಲಿ ದಿನಕ್ಕೆ ಆರು ಶಿಲ್ಲಿಂಗ್, ಅದರಲ್ಲಿ ಒಂದನ್ನು ಬಿಡುಗಡೆಯವರೆಗೆ ಹಿಡಿದಿಡುತ್ತಿದ್ದರು. ಬ್ರಿಟಿಷ್ ಸಿಪಾಯಿಗೆ ಒಂದೇ ಶಿಲ್ಲಿಂಗ್. ಹೊಟ್ಟೆಕಿಚ್ಚಿಗೆ ಅಷ್ಟು ಸಾಕು. ಟೋಪಿಯ ಎಡ ಅಂಚು ಮೇಲಿರುವುದು ಹೆಗಲಿಗೇರಿಸಿದ ರೈಫಲ್ಲು ತಾಗದಿರಲಿ ಎಂದು. ಮಳೆಯಲ್ಲಿ ಇಳಿಬಿಟ್ಟರೆ ನಮ್ಮ ಹಾಳೆಟೋಪಿಗಿಂತ ಮೇಲು ಎನ್ನಲಾರೆವು.

ಆನ್ಜಾಕ್ (ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸೇನೆಯ ಹೆಸರಿನ) ಬಿಸ್ಕತ್ತನ್ನು ಮನೆಯಲ್ಲಿ ಮಾಡಬಹುದೆ? ಗೋಲ್ಡನ್ ಸಿರಪ್ ನಮ್ಮೂರಲ್ಲಿ ಸಿಗುವುದಿಲ್ಲ.
(ಸಾಗರದ ಗೃಹಿಣಿ)

ಮೊದಲು ಒಂದು ತಿದ್ದುಪಡಿ. ಕಂದಕದಲ್ಲಿ ಸಿಪಾಯಿ ತಿಂದದ್ದು ಇದಲ್ಲ. ಅವನಿಗೆ ಸಿಗುತ್ತಿದ್ದುದು ಹಿಟ್ಟು-ನೀರಿನ, ಹೆಂಚಿನಷ್ಟು ಗಟ್ಟಿ ಬಿಸ್ಕತ್ತು. ನೆನೆಸಿ, ಇಲ್ಲವೇ ತುರಿದು ಗಂಜಿ ಮಾಡಿ ತಿನ್ನುತ್ತಿದ್ದ, ಹಲ್ಲು ಮುರಿದುಕೊಂಡವರೂ ಉಂಟು. ನೀವು ಕೇಳುತ್ತಿರುವ ಸಿಹಿ ಬಿಸ್ಕತ್ತು ಮನೆಯ ಹೆಂಗಸರು ಮಾಡಿದ್ದು, ಹೆಚ್ಚಾಗಿ ಸಿಪಾಯಿಗಳ ನಿಧಿಗಾಗಿ ಮಾರಿದ್ದು. ಮೊಟ್ಟೆ ಇಲ್ಲದ್ದರಿಂದ ಬಹಳ ದಿನ ಬಾಳುತ್ತದೆ. ಮೊದಮೊದಲು ಕೊಬ್ಬರಿಯೂ ಇರಲಿಲ್ಲ.

ಸಿರಪ್ಪಿನ ಬದಲು ಜೋನಿಬೆಲ್ಲ ಧಾರಾಳವಾಗಿ ನಡೆಯುತ್ತದೆ. ಓಟ್ಸ್ 90 ಗ್ರಾಂ, ಮೈದಾ 150, ಒಣಕೊಬ್ಬರಿ ತುರಿ 80, ಸಕ್ಕರೆ 150 ಗ್ರಾಂ ಕಲಸಿಡಿ. ಬೆಣ್ಣೆ 125 ಗ್ರಾಂ ಮತ್ತು ಎರಡು ದೊಡ್ಡ ಚಮಚ ಜೋನಿಬೆಲ್ಲವನ್ನು ಸಣ್ಣ ಉರಿಯಲ್ಲಿ ಕರಗಿಸಿ. ಅರ್ಧ ಚಿಕ್ಕ ಚಮಚ ಅಡುಗೆ ಸೋಡಾವನ್ನು ಕುದಿಯುವ ನೀರಿನಲ್ಲಿ ಕರಗಿಸಿ ಅದಕ್ಕೆ ಸುರಿದರೆ ನೊರೆ ಉಕ್ಕಬೇಕು. ಉಕ್ಕದಿದ್ದರೆ ಸೋಡಾ ಹಳತು, ಬಿಸ್ಕತ್ತು ಕಲ್ಲಾಗುತ್ತದೆ. ಮೂಲ ಪಾಕದಲ್ಲಿ ನೀರು ಎರಡು ದೊಡ್ಡ ಚಮಚ. ಜೋನಿಯಲ್ಲೇ ನೀರಿನಂಶ ಜಾಸ್ತಿ ಇರುವುದರಿಂದ ನೀವು ಒಂದೇ ಹಾಕಿ, ಇಲ್ಲವಾದರೆ ಓವನ್ನಿನಲ್ಲಿ ಎಲ್ಲ ಹರಡಿ ಒಂದೇ ದೋಸೆಯಾಗುತ್ತದೆ. ಹುಳಿ ವಾಸನೆ ಹಿಡಿದ ಹಳೆ ಜೋನಿ ಬೇಡ. ಹಸಿ ತೆಂಗಿನ ತುರಿಯೂ ಬೇಡ, ನಾಲ್ಕು ದಿನಕ್ಕೆ ಕಮಟಾಗುತ್ತದೆ.

ನೊರೆ ಬಂದ ಪಾಕವನ್ನು ಓಟ್ಸ್-ಮೈದಾ ಮಿಶ್ರಣಕ್ಕೆ ಸುರಿದು ಕಲಸಿ, ಉಂಡೆ ಮಾಡಿ, ಒಂದರಿಂದ ಒಂದಕ್ಕೆ ಎರಡು ಬೆರಳು ಜಾಗ ಬಿಟ್ಟು, ಮೆತ್ತಗೆ ಒತ್ತಿ, 160 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ತೆಗೆದಾಗ ಮೆತ್ತಗೇ ಇರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ಆರಿದ ಮೇಲೆ ಗರಿಯಾಗುತ್ತದೆ. ಪೂರ್ತಿ ತಣ್ಣಗಾಗದೆ ಡಬ್ಬಿಗೆ ತುಂಬಬೇಡಿ. ಆಷಾಢದ ಥಂಡಿಗೆ ಮೆತ್ತಗಾದರೆ ಐದು ನಿಮಿಷ ಮತ್ತೆ ಓವನ್ನಿನಲ್ಲಿಟ್ಟರಾಯಿತು.